ಮಾಸಿದ ಶೀಟಿನ ಶೆಡ್ಡಿಗೆ ಯಾವ ಪೇಂಟು: ಎನಾಮೆಲ್ಲಾ, ಅಕ್ರಿಲಿಕ್ಕಾ, ಎಪಾಕ್ಸಿನಾ?

ಮನೆ ಹಿಂದಿನ ಶೆಡ್ಡು ಮಾಸಿ ಬೂದು ಬಣ್ಣಕ್ಕೆ ತಿರುಗಿದೆ, ಪೇಂಟ್ ಹೊಡೆಸಬೇಕು, ಅಂಗಡಿಗೆ ಹೋದರೆ ಹತ್ತು ಥರದ ಡಬ್ಬ ತೋರಿಸುತ್ತಾರೆ, ಯಾವುದು ತಗೊಳ್ಳೋದು? ದೀಪಾವಳಿ ಕಳೆದು ಬಿಸಿಲು ಬಿತ್ತು ಅಂದರೆ ಸಾಕು, ಯಾರಾದರೂ ಒಬ್ಬರು ನನ್ನ ಹತ್ತಿರ ಈ ಪ್ರಶ್ನೆ ತಗೊಂಡು ಬರುತ್ತಾರೆ. ನಾನೇನು ಪೇಂಟರ್ ಅಲ್ಲ. ನಾಲ್ಕು ಎಕರೆ ಅಡಿಕೆ ತೋಟ ಮಾಡಿಕೊಂಡಿರುವವನು. ಆದರೆ ಈ ವಿಷಯದಲ್ಲಿ ನಮ್ಮೂರಲ್ಲಿ ಎಲ್ಲರಿಗಿಂತ ಜಾಸ್ತಿ ದುಡ್ಡು ಕಳೆದುಕೊಂಡವನು ನಾನೇ. ಅದಕ್ಕೇ ಕೇಳುತ್ತಾರೆ.

ನಮ್ಮ ಶೆಡ್ಡು 30 ಅಡಿ ಉದ್ದ, 20 ಅಡಿ ಅಗಲ. ಸಾಗರದ ಕಡೆ ಯಾವ ಅಡಿಕೆ ಬೆಳೆಗಾರರ ಮನೆಗೆ ಹೋದರೂ ಇಂಥದ್ದೊಂದು ಇದ್ದೇ ಇರುತ್ತದೆ. ಒಂದು ಕಡೆ ಅಡಿಕೆ ಮೂಟೆ, ಇನ್ನೊಂದು ಕಡೆ ಸ್ಪ್ರೇ ಪಂಪು, ದೋಟಿ, ಮಳೆಗಾಲಕ್ಕೆ ಒಟ್ಟಿದ ಸೌದೆ, ಯಾರೂ ಓಡಿಸದ ಒಂದು ಲೂನಾ. ಹಳೇ ಅರ್ಧಕ್ಕೆ ಅಪ್ಪನ ಕಾಲದ ಜಿಐ ಶೀಟು, ಅಂದರೆ ನಾವು ಬಿಳಿ ತಗಡು ಅನ್ನೋದು. ಆಮೇಲೆ ಮುಂದಕ್ಕೆ ಎಳೆಸಿದ ಭಾಗಕ್ಕೆ ನೀಲಿ ಕಲರ್ ಶೀಟು. ಕಂಬ, ಆಂಗ್ಲು, ಬಾಗಿಲು ಎಲ್ಲ ಬರೀ ಕಬ್ಬಿಣ. ಒಂದೇ ಶೆಡ್ಡು, ಮೂರು ಥರದ ಮೇಲ್ಮೈ. ನನಗೆ ಇದು ಗೊತ್ತಿರಲಿಲ್ಲ. ಮೂರಕ್ಕೂ ಒಂದೇ ಡಬ್ಬದಿಂದ ಹಸಿರು ಎನಾಮೆಲ್ ಹೊಡೆಸಿದೆ.

"ಅಣ್ಣಾ, ತಗಡು ಚೆನ್ನಾಗೇ ಇದೆ, ಪ್ರೈಮರ್ ಯಾಕೆ ದಂಡ, ಸೀದಾ ಎರಡು ಕೋಟ್ ಹೊಡೆದುಬಿಡ್ತೀನಿ" ಅಂದರು ಪೇಂಟ್ ಹೊಡೆಯಲು ಬಂದವರು. ದುಡ್ಡು ಉಳಿಯುತ್ತದಲ್ಲ ಅಂತ ನಾನೂ ತಲೆ ಆಡಿಸಿದೆ. ಮೊದಲ ವರ್ಷ ಶೆಡ್ಡು ನೋಡಿದವರೆಲ್ಲ ಹೊಗಳಿದರು. ಎರಡನೇ ಮಳೆಗಾಲ ಮುಗಿದ ಮೇಲೆ ಏಣಿ ಹಾಕಿ ಹತ್ತಿದೆ. ಬಿಳಿ ತಗಡಿನ ಮೇಲೆ ಅಂಗೈ ಅಗಲದ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಉಗುರು ಹಾಕಿ ಎಳೆದರೆ ಸುಲಿದ ಬಾಳೆಹಣ್ಣಿನ ಸಿಪ್ಪೆ ಥರ ಉದ್ದಕ್ಕೂ ಬಂತು. ಕೆಳಗೆ ತಗಡು ಹೊಸದರ ಹಾಗೇ ಇದೆ, ಒಂದು ಚೂರು ತುಕ್ಕಿಲ್ಲ. ಆದರೆ ಅದೇ ಪೇಂಟು ಕಬ್ಬಿಣದ ಬಾಗಿಲ ಮೇಲೆ ಗಟ್ಟಿಯಾಗಿ ಕೂತಿತ್ತು.

ಪೇಂಟ್ ಡೂಪ್ಲಿಕೇಟ್ ಅಂತ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಂಡು ಹೋಗಿದ್ದೆ. ಪೇಂಟಿನ ತಪ್ಪೇ ಅಲ್ಲ ಅದು. ಜಿಐ ತಗಡಿನ ಮೇಲೆ ಇರುವುದು ಸತುವಿನ ಪದರ. ಮಾಮೂಲಿ ಎನಾಮೆಲ್ ಎಣ್ಣೆಯಿಂದ ಮಾಡಿದ್ದು. ಎಣ್ಣೆಯ ಅಂಶ ಸತುವಿನ ಜೊತೆ ಸೇರಿದರೆ ನಿಧಾನಕ್ಕೆ ಸೋಪಾಗುತ್ತದೆ. ಮಾತಿಗೆ ಹೇಳ್ತಿಲ್ಲ, ನಿಜವಾಗಿಯೂ ಸೋಪು. ತಗಡಿಗೂ ಬಣ್ಣಕ್ಕೂ ಮಧ್ಯೆ ತೆಳ್ಳಗೆ ಸೋಪಿನ ಪದರ ಕೂತ ಮೇಲೆ, ನಮ್ಮ ಕಡೆಯ ಮಳೆಗೆ ಬಣ್ಣ ನಿಲ್ಲುವುದಾದರೂ ಹೇಗೆ? ಅಲ್ಲಿಂದ ಮುಂದೆ ನಾನು ಪೇಂಟ್ ಕಂಪನಿ ಯಾವುದು ಅಂತ ಕೇಳುವುದನ್ನು ಬಿಟ್ಟೆ. ಕೆಳಗೆ ಇರುವುದು ಯಾವ ಶೀಟು ಅಂತ ಕೇಳಲು ಶುರು ಮಾಡಿದೆ. ಅದು ಗೊತ್ತಾದರೆ ಹತ್ತು ಡಬ್ಬದಲ್ಲಿ ಏಳೆಂಟು ತಾವಾಗೇ ಪಕ್ಕಕ್ಕೆ ಹೋಗುತ್ತವೆ.

ನಿಮ್ಮ ಶೀಟು ಯಾವುದು?

ಬಣ್ಣವಿಲ್ಲದ ತಗಡಿನ ಮೇಲೆ ಮಂಜುಗಡ್ಡೆಯ ಹೂವಿನ ಹಾಗೆ ದೊಡ್ಡ ದೊಡ್ಡ ಚಿತ್ತಾರ ಕಂಡರೆ ಅದು ಜಿಐ. ಚಿತ್ತಾರ ಸಣ್ಣದಾಗಿ, ಒಟ್ಟಾರೆ ಬೆಳ್ಳಿ ಥರ ಹೊಳೆಯುತ್ತಿದ್ದರೆ ಗ್ಯಾಲ್ವಾಲ್ಯೂಮ್ ಇರಬಹುದು. ಅದರ ಪದರದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಮ್ಮಿ ಸತುವೇ. ಪೇಂಟಿನ ಮಟ್ಟಿಗೆ ಎರಡಕ್ಕೂ ಒಂದೇ ನಿಯಮ: ಎಣ್ಣೆ ಪೇಂಟು ಸೀದಾ ಹಚ್ಚಬಾರದು. ಆಯಸ್ಕಾಂತ ಅಂಟಲೇ ಇಲ್ಲ ಅಂದರೆ ಅದು ಅಲ್ಯೂಮಿನಿಯಂ ಶೀಟು. ಅದು ಮಾಸಿದರೂ ಹಾಗೇ ಬಿಡಿ, ತುಕ್ಕು ಹಿಡಿಯುವ ವಸ್ತುವಲ್ಲ.

ಸಿಮೆಂಟ್ ಶೀಟು, ಅಂದರೆ ಹಳೇ ಕಲ್ನಾರಿನ ಶೀಟು ಇದ್ದರೆ ಈ ಬರಹ ನಿಮಗಲ್ಲ. ಅದನ್ನು ಉಜ್ಜಲೂಬೇಡಿ, ಕೆರೆಯಲೂಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಕಲರ್ ಶೀಟು ಅನ್ನುವುದು ಫ್ಯಾಕ್ಟರಿಯಲ್ಲೇ ಬಣ್ಣ ಹಾಕಿ ಬೇಯಿಸಿ ಬಂದ ತಗಡು. ಮೇಲಿನ ಬಣ್ಣದ ದಪ್ಪ ಸಾಮಾನ್ಯವಾಗಿ 20 ಮೈಕ್ರಾನ್ ಸುತ್ತಮುತ್ತ. ನಮ್ಮ ತಲೆಕೂದಲಿಗಿಂತ ತೆಳು. ಕೆಳಮೈಗೆ ಅದಕ್ಕಿಂತ ಕಡಿಮೆ. ಬಿಸಿಲಿಗೆ ಅದರೊಳಗಿನ ಅಂಟು ಸಾಯುತ್ತದೆ, ಬಣ್ಣದ ಪುಡಿ ಮಾತ್ರ ಮೇಲೆ ಉಳಿಯುತ್ತದೆ. ಮಾಸುವುದು ಅಂದರೆ ಇದೇ. ಅಂಗೈ ಒತ್ತಿ ಒಂದು ಸಲ ಸವರಿ ನೋಡಿ. ಬ್ಲಾಕ್‌ಬೋರ್ಡ್ ಒರೆಸಿದ ಹಾಗೆ ಕೈಗೆ ನೀಲಿ ಸೀಮೆಸುಣ್ಣ ಹತ್ತಿದರೆ ಮೇಲಿನ ಬಣ್ಣ ಪುಡಿಯಾಗಿದೆ ಅಂತ ಅರ್ಥ. ಆ ಪುಡಿಯ ಮೇಲೆ ಯಾವ ದುಬಾರಿ ಪೇಂಟ್ ಹೊಡೆದರೂ ಅದು ಹಿಡಿಯುವುದು ಪುಡಿಯನ್ನು, ತಗಡನ್ನಲ್ಲ.

ಇನ್ನೊಂದು ಪರೀಕ್ಷೆ. ತೊಳೆದು ಒಣಗಿದ ಜಾಗದಲ್ಲಿ ಬ್ಲೇಡಿನಿಂದ ಹಳೇ ಬಣ್ಣದ ಮೇಲೆ ಗುಣಿಸು ಗುರುತು ಗೀರಿ. ಅದರ ಮೇಲೆ ಸೆಲ್ಲೋ ಟೇಪ್ ಒತ್ತಿ ಅಂಟಿಸಿ, ಜಗ್ಗಿ ಕಿತ್ತುಬಿಡಿ. ಟೇಪಿನ ಜೊತೆ ಬಣ್ಣ ಬಂದರೆ ಹಳೇದು ಸತ್ತಿದೆ, ಕೆರೆದು ತೆಗೆಯಲೇಬೇಕು. ಬರದಿದ್ದರೆ ನಿಮ್ಮ ಪುಣ್ಯ, ಹಳೇ ಬಣ್ಣವೇ ಪ್ರೈಮರ್ ಕೆಲಸ ಮಾಡುತ್ತದೆ. ಗೀರಿದ ಜಾಗಕ್ಕೆ ಆಮೇಲೆ ಒಂದು ತೊಟ್ಟು ಬಣ್ಣ ಹಚ್ಚಲು ಮರೆಯಬೇಡಿ, ಇಲ್ಲದಿದ್ದರೆ ತುಕ್ಕಿಗೆ ನೀವೇ ಬಾಗಿಲು ತೆಗೆದ ಹಾಗೆ.

ಮೊದಲನೇ ಆಯ್ಕೆ: ಪೇಂಟೇ ಬೇಡ

ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಮಾಸಿದ ಶೆಡ್ಡು ಬೇರೆ, ತುಕ್ಕು ಹಿಡಿದ ಶೆಡ್ಡು ಬೇರೆ. ಬಣ್ಣ ಹೋಗಿದೆ, ಆದರೆ ಎಲ್ಲೂ ಕೆಂಪು ತುಕ್ಕು ಇಲ್ಲ, ಕೆಳಗಿನ ಸತು ಗಟ್ಟಿಯಾಗಿದೆ ಅಂದರೆ ಅವಸರ ಏನೂ ಇಲ್ಲ. ಸೋಪು ನೀರಲ್ಲಿ ತೊಳೆದು, ಬೋಲ್ಟಿನ ಸುತ್ತ ಮತ್ತು ಶೀಟಿನ ತುದಿಯಲ್ಲಿ ಮಾತ್ರ ಒಂದಿಷ್ಟು ರಿಪೇರಿ ಮಾಡಿ, ಎರಡು ಮೂರು ವರ್ಷ ತಳ್ಳಬಹುದು. ಒಂದು ಸಲ ಪೇಂಟ್ ಹೊಡೆದಿರೋ, ಆಮೇಲೆ ಆರೇಳು ವರ್ಷಕ್ಕೊಮ್ಮೆ ಹೊಡೆಯುತ್ತಲೇ ಇರಬೇಕು. ಅದೊಂದು ಸಂಸಾರ.

ಹೊಳಪು ಬರಲಿ ಅಂತ ಡೀಸೆಲ್ಲೋ ಸುಟ್ಟ ಎಂಜಿನ್ ಆಯಿಲ್ಲೋ ಒರೆಸುವವರಿದ್ದಾರೆ. ದಯವಿಟ್ಟು ಬೇಡ. ಒಂದು ತಿಂಗಳು ಮಿರಿಮಿರಿ ಅನ್ನುತ್ತದೆ, ಆಮೇಲೆ ಊರಿನ ಧೂಳೆಲ್ಲ ಅಲ್ಲೇ ಕೂರುತ್ತದೆ, ಮುಂದೆ ಯಾವ ಪೇಂಟೂ ಅಂಟುವುದಿಲ್ಲ. ಟಾರು ಬಳಿಯುವುದೂ ಅಷ್ಟೇ. ಸೋರುವ ಒಂದು ತೂತಿಗೆ ಹಚ್ಚಿಕೊಳ್ಳಿ, ಪೂರ್ತಿ ಮಾಡಿಗೆ ಬೇಡ. ಬಿಸಿಲಿಗೆ ಬೆಂದು ಬಿರುಕು ಬಿಡುತ್ತದೆ, ಮೇಲೆ ಬೇರೆ ಬಣ್ಣ ಹಚ್ಚಿದರೆ ಕಪ್ಪು ಕಲೆ ಉಕ್ಕಿ ಬರುತ್ತದೆ.

ರೆಡ್ ಆಕ್ಸೈಡ್ ಮತ್ತು ಎನಾಮೆಲ್

ಅಗ್ಗ. ಎಲ್ಲ ಊರಲ್ಲೂ ಸಿಗುತ್ತದೆ. ಯಾವ ಪೇಂಟರಿಗೂ ಹೇಳಿಕೊಡಬೇಕಾಗಿಲ್ಲ. ಬರೀ ಕಬ್ಬಿಣಕ್ಕೆ ಇವತ್ತಿಗೂ ಇದೇ ಸರಿ: ಕಂಬ, ಆಂಗ್ಲು, ಗೇಟು, ಕಿಟಕಿ ಸರಳು, ಸತುವೆಲ್ಲ ಸವೆದು ಪೂರ್ತಿ ಕೆಂಪಾದ ಹಳೇ ತಗಡು. ವೈರ್ ಬ್ರಷ್ ಹಾಕಿ ಸಡಿಲ ತುಕ್ಕು ಉದುರಿಸಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಪ್ರೈಮರ್ ಹಚ್ಚಿ, ಮೇಲಿನ ಬಣ್ಣಕ್ಕೆ ಮುಂದಿನ ತಿಂಗಳು ನೋಡಿದರಾಯಿತು ಅಂತ ಬಿಡುವುದು. ರೆಡ್ ಆಕ್ಸೈಡ್ ಒಂದೇ ಮಳೆ ತಡೆಯುವುದಿಲ್ಲ. ನೀರು ಒಳಗೆ ಹೀರುತ್ತದೆ. ಮನೆ ಕಟ್ಟುವಾಗ ತಂದಿಟ್ಟ ಕಿಟಕಿಗಳು ಪ್ರೈಮರ್ ಒಳಗಿಂದಲೇ ತುಕ್ಕು ಹಿಡಿದದ್ದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಜಿಐ ತಗಡಿಗೆ ಎನಾಮೆಲ್ಲೇ ಬೇಕು ಅಂತ ಹಟ ಇದ್ದರೆ ಮಧ್ಯೆ ಎಚ್ (etch) ಪ್ರೈಮರ್ ಬೇಕು. ವಾಶ್ ಪ್ರೈಮರ್ ಅಂತಲೂ ಹೇಳುತ್ತಾರೆ. ಎರಡು ಡಬ್ಬದಲ್ಲಿ ಬರುತ್ತದೆ, ಒಂದರಲ್ಲಿ ಫಾಸ್ಪರಿಕ್ ಆಸಿಡ್ ಇರುತ್ತದೆ. ಅದು ಸತುವನ್ನು ಸ್ವಲ್ಪ ಕಚ್ಚಿ ಹಿಡಿತ ಮಾಡಿಕೊಡುತ್ತದೆ. ತಗಡು ಇನ್ನೂ ಕಾಣುವಷ್ಟು ತೆಳ್ಳಗೆ ಹಚ್ಚಬೇಕು, ದಪ್ಪ ಹಚ್ಚಿದರೆ ಅದೇ ಎದ್ದುಬರುತ್ತದೆ. ಅವತ್ತೇ ಅದರ ಮೇಲೆ ಮುಂದಿನ ಪದರ ಬೀಳಬೇಕು, ರಾತ್ರಿ ಇಬ್ಬನಿಗೆ ಬಿಡಬಾರದು. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಇದು ಸಿಗುವುದು ಕಷ್ಟ, ಕಾರಿಗೆ ಪೇಂಟ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿ.

ನೀರಿನ ಅಕ್ರಿಲಿಕ್

ಮಾಸಿದ ಕಲರ್ ಶೀಟಿಗೆ ನನ್ನ ಓಟು ಇದಕ್ಕೇ. ಜಿಐಗೂ ಇದೇ, ಆದರೆ ಡಬ್ಬದ ಮೇಲೆ ಜಿಐಗೆ ಅಥವಾ ಗ್ಯಾಲ್ವನೈಸ್ಡ್ ಲೋಹಕ್ಕೆ ಆಗುತ್ತದೆ ಅಂತ ಬರೆದಿರುವ ಅಕ್ರಿಲಿಕ್ ಪ್ರೈಮರ್ ಕೆಳಗೆ ಇರಬೇಕು. ಇದರಲ್ಲಿ ಎಣ್ಣೆ ಇಲ್ಲ, ಹಾಗಾಗಿ ಸೋಪಾಗುವ ರಗಳೆ ಇಲ್ಲ. ಇನ್ನೊಂದು ಗುಣ, ಇದು ಒಣಗಿದ ಮೇಲೂ ಸ್ವಲ್ಪ ರಬ್ಬರಿನ ಹಾಗೆ ಇರುತ್ತದೆ. ತಗಡು ಮಧ್ಯಾಹ್ನ ಬಿಸಿಲಿಗೆ ಹಿಗ್ಗುತ್ತದೆ, ಒಂದು ಮಳೆ ಬಿದ್ದರೆ ಟಕಟಕ ಅಂತ ಕುಗ್ಗುತ್ತದೆ, ಆ ಸದ್ದು ಶೆಡ್ಡಿನೊಳಗೆ ಕೂತವರಿಗೆಲ್ಲ ಗೊತ್ತು. ಎನಾಮೆಲ್ ವರ್ಷ ಕಳೆದ ಹಾಗೆ ಗಾಜಿನ ಥರ ಗಡುಸಾಗಿ ಈ ಎಳೆದಾಟಕ್ಕೆ ಸೀಳುತ್ತದೆ. ಅಕ್ರಿಲಿಕ್ ಜೊತೆಗೇ ಹೋಗಿ ಜೊತೆಗೇ ಬರುತ್ತದೆ. ಬಿಸಿಲಿಗೂ ಎನಾಮೆಲ್‌ಗಿಂತ ನಿಧಾನಕ್ಕೆ ಮಾಸುತ್ತದೆ.

ತೊಂದರೆ ಇಲ್ಲ ಅಂತಲ್ಲ. ಬರೀ ಕಬ್ಬಿಣದ ಮೇಲೆ ಸೀದಾ ಹಚ್ಚಿದರೆ ಅದರಲ್ಲಿರುವ ನೀರಿಗೇ ಕಬ್ಬಿಣ ತುಕ್ಕು ಹಿಡಿದು, ಒಣಗುವಷ್ಟರಲ್ಲಿ ಕಂದು ಚುಕ್ಕೆ ಎದ್ದಿರುತ್ತದೆ. ಹಾಗಾಗಿ ತುಕ್ಕಿದ್ದ ಜಾಗಕ್ಕೆ ಮೊದಲು ಲೋಹದ ಪ್ರೈಮರ್ ಬೇಕೇ ಬೇಕು. ಹಚ್ಚಿದ ದಿನ ಮಳೆ ಬಂದರೆ ಹಾಲು ಸುರಿದ ಹಾಗೆ ಹರಿದುಹೋಗುತ್ತದೆ. ಗೋಡೆಗೆ ಉಳಿದ ಎಮಲ್ಷನ್ ಇದೆಯಲ್ಲ, ಅದನ್ನೇ ಹೊಡೆದುಬಿಡೋಣ ಅಂತ ಹೊರಡಬೇಡಿ. ಹೊರಗೋಡೆಯ ಒಳ್ಳೆ ಅಕ್ರಿಲಿಕ್ ಪೇಂಟು ಗಟ್ಟಿ ಇರುವ ಹಳೇ ಕಲರ್ ಕೋಟಿನ ಮೇಲೆ ನಿಲ್ಲಬಹುದು, ನಮ್ಮ ಚಿಕ್ಕಪ್ಪನ ಕಾರ್ ಶೆಡ್ಡಿನ ಮೇಲೆ ನಿಂತೂ ಇದೆ. ಒಳಗೋಡೆಯ ಡಿಸ್ಟೆಂಪರ್ ಮಾತ್ರ ಮೊದಲ ಮಳೆಗೇ ಅಂಗಳಕ್ಕೆ ಬರುತ್ತದೆ.

ಎಪಾಕ್ಸಿ ಪ್ರೈಮರ್, ಮೇಲೆ ಪಿಯು

ಗಟ್ಟಿತನದಲ್ಲಿ ಇದಕ್ಕೆ ಸಮ ಇಲ್ಲ. ಜಿಐಗೆ ಹೊಂದುವ ಎಪಾಕ್ಸಿ ಪ್ರೈಮರ್ ಸತುವಿನ ಮೇಲೂ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಒಂದನ್ನೇ ಹಚ್ಚಿ ಬಿಡುವ ಹಾಗಿಲ್ಲ, ಅದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟು, ಬೇಕೇ ಬೇಕು. ಎರಡೂ ಎರಡೆರಡು ಡಬ್ಬದ ಸಾಮಾನು. ಹಾರ್ಡನರ್ ಬೆರೆಸಿದ ಮೇಲೆ ಕೆಲವೇ ಗಂಟೆ ಟೈಮ್, ಆಮೇಲೆ ಡಬ್ಬದಲ್ಲೇ ಕಲ್ಲು. ನಮ್ಮ ಕೆಲಸದವರು ಕವಳ ಹಾಕಿ, ಚಾ ಕುಡಿದು, ಫೋನಲ್ಲಿ ಮಾತಾಡಿ ಬರುವಷ್ಟರಲ್ಲಿ ಅರ್ಧ ಲೀಟರ್ ಕಲ್ಲಾಗಿ ಕೂತಿದ್ದನ್ನು ನೋಡಿದ್ದೇನೆ.

ಹಳೇ ಎನಾಮೆಲ್ ಮೇಲೆ ಇದನ್ನು ಹಚ್ಚಿದರೆ ಇದರ ಥಿನ್ನರ್ ಎಷ್ಟು ಚೂಪು ಅಂದರೆ ಕೆಳಗಿನ ಬಣ್ಣ ಸುಕ್ಕುಗಟ್ಟಿ ಮೇಲೇಳುತ್ತದೆ. ಮೊದಲು ಮೂಲೆಯಲ್ಲಿ ಒಂದು ಅಡಿ ಹಚ್ಚಿ ನೋಡಿ. ಪಿಯು ಹಾರ್ಡನರಿನಲ್ಲಿ ಐಸೋಸೈನೇಟ್ ಇರುತ್ತದೆ. ಸ್ಪ್ರೇ ಮಾಡುವವರು ಮೂಗಿಗೆ ಟವೆಲ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ, ಅಸ್ತಮಾ ಬರಿಸುವ ವಸ್ತು ಅದು, ಸರಿಯಾದ ಕಾರ್ಟ್ರಿಜ್ ಮಾಸ್ಕ್ ಬೇಕು.

ಹಾಗಾದರೆ ಯಾರಿಗೆ ಬೇಕು ಇದು? ಹೊನ್ನಾವರ, ಕುಂದಾಪುರ, ಮಲ್ಪೆ ಥರ ಸಮುದ್ರದ ಉಪ್ಪುಗಾಳಿ ಹೊಡೆಯುವ ಕಡೆ ಇರುವವರಿಗೆ. ಅಲ್ಲಿ ಬಣ್ಣ ಹೊಡೆಯುವ ಮೊದಲು ಸಿಹಿನೀರಲ್ಲಿ ಉಪ್ಪು ಪೂರ್ತಿ ತೊಳೆಯಬೇಕು, ಬಣ್ಣದ ಕೆಳಗೆ ಉಪ್ಪು ಉಳಿದರೆ ಗುಳ್ಳೆ ಖಂಡಿತ. ಇನ್ನು ಕೊಟ್ಟಿಗೆ. ಗಂಜಲದ ಅಮೋನಿಯ ಮತ್ತು ಒದ್ದೆಗೆ ಕಂಬದ ಬುಡ ಬೇಗ ತಿಂದುಹೋಗುತ್ತದೆ. ನಾನು ಮಾಡಿದ್ದು ಏನೆಂದರೆ ಪೂರ್ತಿ ಶೆಡ್ಡಿಗೆ ಹಾಕದೆ, ಕಂಬದ ಬುಡದಿಂದ ಎರಡು ಅಡಿ ಮೇಲಿನವರೆಗೆ ಮಾತ್ರ ಎಪಾಕ್ಸಿ ಹಾಕಿಸಿದೆ. ಬುಡಕ್ಕೆ ಬಿಸಿಲು ಬೀಳುವುದಿಲ್ಲ, ಹಾಗಾಗಿ ಪಿಯು ಖರ್ಚೂ ಉಳಿಯಿತು. ಶೆಡ್ಡು ಬೀಳುವುದಿದ್ದರೆ ಮೊದಲು ಅಲ್ಲಿಂದಲೇ ತಾನೇ?

ಅಲ್ಯೂಮಿನಿಯಂ ಪೇಂಟ್, ಬಿಳಿ ಕೂಲ್ ರೂಫ್

ಅಲ್ಯೂಮಿನಿಯಂ ಪೇಂಟು, ಅದೇ ಬೆಳ್ಳಿ ಬಣ್ಣದ್ದು, ಹಳೇ ತುಕ್ಕು ತಗಡಿನ ಬಡವರ ಬಂಧು. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಮಲಗಿಕೊಂಡು ನೀರು ಒಳಗೆ ಹೋಗುವ ದಾರಿ ಉದ್ದ ಮಾಡುತ್ತವೆ. ಆದರೆ ಅದೂ ಸಾಮಾನ್ಯವಾಗಿ ಎಣ್ಣೆಯ ಬೇಸಿನದೇ, ಸತು ಗಟ್ಟಿ ಇರುವ ತಗಡಿಗೆ ಬೇಡ. ಮೂರ್ನಾಲ್ಕು ವರ್ಷದಲ್ಲಿ ಶೀಟೇ ಬದಲಾಯಿಸುವ ಯೋಚನೆ ಇದ್ದರೆ ಇದು ಹಚ್ಚಿ ಕಾಲ ತಳ್ಳಿ.

ಬಿಳಿ ಕೂಲ್ ರೂಫ್ ಪೇಂಟ್ ಬಗ್ಗೆ ಈಗ ಎಲ್ಲೆಲ್ಲೂ ಜಾಹೀರಾತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಇದರಲ್ಲಿ ಸುಳ್ಳಿಲ್ಲ. ರಾಯಚೂರು, ಬಳ್ಳಾರಿ, ಕಲಬುರಗಿ ಕಡೆ ಕೋಳಿ ಶೆಡ್ಡೋ ಗ್ಯಾರೇಜೋ ಇದ್ದರೆ ಎರಡನೇ ಮಾತಿಲ್ಲದೆ ಹಾಕಿಸಿ. ಬೆಳ್ಳಿ ಬಣ್ಣಕ್ಕಿಂತ ಬಿಳಿ ತಂಪು, ಯಾಕೆಂದರೆ ಬೆಳ್ಳಿ ಬಣ್ಣ ಹೀರಿದ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ಆದರೆ ಮಲೆನಾಡಲ್ಲಿ? ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಇರುವುದು ನಮ್ಮ ಜಿಲ್ಲೆಯಲ್ಲೇ. ಮರದ ನೆರಳಲ್ಲಿ ಬಿಳಿ ಮಾಡು ಒಂದು ಮಳೆಗಾಲಕ್ಕೆ ಪಾಚಿ ಕಟ್ಟಿ ಕಪ್ಪು ಹಸಿರು. ಕಪ್ಪಾದ ಬಿಳಿ ತಂಪೂ ಅಲ್ಲ, ಚೆಂದವೂ ಅಲ್ಲ. ಅದೂ ಅಲ್ಲದೆ ಅಡಿಕೆ ಇಡುವ ಶೆಡ್ಡು ಬೆಚ್ಚಗಿರಬೇಕು. ತಂಪು ಮಾಡಿ ಬೂಸ್ಟು ಹಿಡಿಸಿಕೊಂಡರೆ ಸೊಸೈಟಿಯಲ್ಲಿ ರೇಟು ಯಾರು ಕೊಡುತ್ತಾರೆ?

ಬದಲಾಯಿಸುವುದೇ ಸರಿ ಅನ್ನುವ ಸಂದರ್ಭ

ಸ್ಕ್ರೂಡ್ರೈವರ್ ತುದಿಯಿಂದ ತುಕ್ಕಿನ ಜಾಗ ಒತ್ತಿ. ಒಳಗೆ ಹೋಯಿತಾ? ಆ ಶೀಟು ಮುಗಿಯಿತು. ಅದಕ್ಕೆ ಬಣ್ಣ ಹೊಡೆಯುವುದು ದಂಡ. ಹತ್ತರಲ್ಲಿ ಎರಡು ಮೂರು ಶೀಟು ಹೀಗಿದ್ದರೆ ಅಷ್ಟನ್ನೇ ಬದಲಿಸಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಪೇಂಟಿನ ದುಡ್ಡನ್ನೂ ಕೂಲಿಯನ್ನೂ ಹೊಸ ಶೀಟಿಗೆ ಹಾಕಿ. ತುಕ್ಕು ಎಲ್ಲಿಂದ ಶುರುವಾಗಿದೆ ಅಂತಲೂ ನೋಡಿ. ಬಹಳಷ್ಟು ಸಲ ಅದು ಸ್ಕ್ರೂ ಸುತ್ತ, ರಬ್ಬರ್ ವಾಶರ್ ಸತ್ತ ಜಾಗದಲ್ಲಿ. ವಾಶರ್ ಸಮೇತ ಹೊಸ ಸ್ಕ್ರೂ ಹಾಕದೆ ಮೇಲೆ ಬಣ್ಣ ಮೆತ್ತಿದರೆ ನೀರು ನಿಲ್ಲುವುದಿಲ್ಲ.

ಅಡಿಕೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮದ್ದು ಸರಿ ಬಂತಾ ಅಂತ ಕತ್ತಿ ಅದ್ದಿ ನೋಡುವುದು ಎಲ್ಲರಿಗೂ ಗೊತ್ತು. ಕತ್ತಿ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಆ ತಾಮ್ರ ಕತ್ತಿಗೆ ಏನು ಮಾಡುತ್ತದೋ ಶೆಡ್ಡಿನ ಸತುವಿಗೂ ಅದನ್ನೇ ಮಾಡುತ್ತದೆ. ನಮ್ಮ ಶೆಡ್ಡಿನ ತೋಟದ ಕಡೆಯ ಮಗ್ಗುಲಲ್ಲೇ ತುಕ್ಕು ಜಾಸ್ತಿ ಯಾಕೆ ಅಂತ ನನಗೆ ಹತ್ತು ವರ್ಷ ಹೊಳೆದಿರಲಿಲ್ಲ. ಮದ್ದಿನ ಹನಿ ಅಲ್ಲಿಗೇ ಬೀಳುತ್ತದೆ. ಈಗ ಮದ್ದು ಹೊಡೆದ ದಿನವೇ ಪೈಪು ಹಿಡಿದು ಆ ಕಡೆ ನೀರು ಬಿಡುತ್ತೇನೆ. ಮಾಡಿನ ಮೇಲೆ ಬಿದ್ದ ಅಡಿಕೆ ಹಾಳೆ, ಸೋಗೆಯನ್ನೂ ಆಗಾಗ ಎಳೆದು ಹಾಕಬೇಕು. ಒದ್ದೆ ಹಾಳೆ ಕೊಳೆತ ಜಾಗದಲ್ಲಿ ಅದರದೇ ಆಕಾರದ ತುಕ್ಕು ಮೂಡಿರುತ್ತದೆ.

ಅಂದ ಹಾಗೆ, ತುಕ್ಕನ್ನು ಕಪ್ಪು ಮಾಡಿ ನಿಲ್ಲಿಸುವ ರಸ್ಟ್ ಕನ್ವರ್ಟರ್ ಅಂತ ಮಾರುತ್ತಾರೆ. ಹಲವು ಡಬ್ಬಗಳಲ್ಲಿ ಇರುವುದು ಟ್ಯಾನಿನ್. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಬಿದ್ದ ಕಬ್ಬಿಣದ ಕತ್ತಿ ಕಪ್ಪಾಗುವುದೂ ಅದರಿಂದಲೇ. ಹಾಗಂತ ಶೆಡ್ಡಿಗೆ ಚೊಗರು ಬಳಿಯಲು ಹೋಗಬೇಡಿ, ನಾನು ಒಂದು ಮೂಲೆಗೆ ಬಳಿದು ನೋಡಿದ್ದೇನೆ, ಮನೆಯವಳು ಇನ್ನೂ ನಗುತ್ತಾಳೆ.

ತೊಳೆಯುವುದೇ ಅರ್ಧ ಕೆಲಸ

ಯಾವ ಪೇಂಟ್ ಆರಿಸಿದರೂ ಇದು ತಪ್ಪುವುದಿಲ್ಲ. ಸೋಪಿನ ಪುಡಿ ಹಾಕಿದ ನೀರು, ಪಾತ್ರೆ ತಿಕ್ಕುವ ಹಸಿರು ನಾರು, ಉದ್ದ ಕೋಲಿನ ಬ್ರಷ್ಷು. ಮೇಲಿಂದ ಕೆಳಗೆ ತಿಕ್ಕಿ, ಚೆನ್ನಾಗಿ ನೀರು ಹೊಯ್ದು ಒಣಗಿಸಿ. ಕಪ್ಪು ಬಟ್ಟೆಯಲ್ಲಿ ಒರೆಸಿದರೆ ಪುಡಿ ಹತ್ತಬಾರದು. ಹತ್ತಿದರೆ ಇನ್ನೊಂದು ಸಲ. ಪಾಚಿ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಸುರಿದು ಹಾಗೇ ಬಿಟ್ಟರೆ ಅದರ ಕ್ಲೋರಿನ್ ಸತುವನ್ನೇ ತಿನ್ನುತ್ತದೆ.

2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಅಂತ ನಿಯಮ ಇದೆ. ಅದಕ್ಕಿಂತ ಹಿಂದಿನ ಎನಾಮೆಲ್ ಇದ್ದರೆ, ಅದರಲ್ಲೂ ಹಳದಿ, ಹಸಿರು, ಕೆಂಪು ಇದ್ದರೆ, ಒಣ ಎಮರಿ ಪೇಪರಲ್ಲಿ ಧೂಳೆಬ್ಬಿಸಿ ಉಜ್ಜಬೇಡಿ. ನೀರು ಹಾಕಿಕೊಂಡು ಉಜ್ಜಿ, ಕೆಳಗೆ ಟಾರ್ಪಾಲು ಹಾಸಿ, ಮಕ್ಕಳನ್ನೂ ದನಗಳನ್ನೂ ದೂರ ಇಡಿ.

ಕಾಲ ಯಾವುದು? ನವೆಂಬರ್ ಕೊನೆಯಿಂದ ಫೆಬ್ರವರಿ. ಆದರೆ ಆಗ ಇಬ್ಬನಿ. ಬೆಳಿಗ್ಗೆ 8 ಗಂಟೆಗೆ ಶೀಟ್ ಮುಟ್ಟಿದರೆ ಒದ್ದೆ ಇರುತ್ತದೆ. ಒಣಗಿದ ಮೇಲೆ, ಅಂದರೆ 10ರ ಹೊತ್ತಿಗೆ ಶುರು ಮಾಡಿ, 3 ಗಂಟೆಗೆ ಬ್ರಷ್ ಕೆಳಗಿಡಿ. ಸಂಜೆ ಹಚ್ಚಿದ್ದು ಇಬ್ಬನಿಗೆ ಸಿಕ್ಕಿ ಹೊಳಪು ಕಳೆದುಕೊಳ್ಳುತ್ತದೆ. ಬೇಸಿಗೆ ಮಧ್ಯಾಹ್ನವೂ ಬೇಡ, ಕೈ ಇಡಲಾಗದಷ್ಟು ಕಾದ ತಗಡಿನ ಮೇಲೆ ಪೇಂಟು ಹರಡುವ ಮೊದಲೇ ಒಣಗಿ ಗುಳ್ಳೆ ಏಳುತ್ತದೆ. ಸೂರ್ಯ ಪೂರ್ವಕ್ಕಿದ್ದಾಗ ಪಶ್ಚಿಮದ ಮಗ್ಗುಲು, ಆಮೇಲೆ ಇನ್ನೊಂದು.

ಬ್ರಷ್ಷಾ, ಸ್ಪ್ರೇನಾ? ಸ್ಪ್ರೇ ಬೇಗ ಮುಗಿಯುತ್ತದೆ, ಗಾಳಿಗೆ ಅರ್ಧ ಹಾರುತ್ತದೆ, ಪಕ್ಕದ ಮನೆಯ ಬಿಳಿ ಕಾರು ಹಸಿರಾದರೆ ಆ ಮಾತು ಬೇರೆ. ನಾನು ಮಾಡುವುದು ಬೋಲ್ಟ್ ತಲೆ, ಜೋಡಣೆ, ತುದಿಗೆಲ್ಲ ಮೊದಲು ಬ್ರಷ್, ಉಳಿದದ್ದಕ್ಕೆ ರೋಲರ್. ಮಾಡಿನ ಮೇಲೆ ನಡೆಯುವಾಗ ಬೋಲ್ಟಿನ ಸಾಲಿನ ಮೇಲೇ ಕಾಲಿಡಿ, ಕೆಳಗೆ ಪೈಪು ಇರುವುದು ಅಲ್ಲೇ. ಸೊಂಟಕ್ಕೆ ಹಗ್ಗ ಇರಲಿ. ಕರೆಂಟಿನ ವೈರು ಹತ್ತಿರ ಹಾದಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

ಎಷ್ಟು ಪೇಂಟು ಬೇಕು

20 ಅಡಿಗೆ 30 ಅಡಿ ಅಂದರೆ 600 ಚದರಡಿ ಅಂತ ಲೆಕ್ಕ ಹಾಕಿ ಪೇಂಟ್ ತಂದರೆ ಸಾಲುವುದಿಲ್ಲ. ಮಾಡಿನ ಇಳಿಜಾರು, ಹೊರಚಾಚು ಸೇರಿದರೆ 700. ಶೀಟಿನ ಏರುತಗ್ಗಿಗೆ ಇನ್ನೂ 15 ಪರ್ಸೆಂಟ್ ಸೇರಿಸಿ, 800 ಆಯಿತು. ಲೀಟರಿಗೆ ಒಂದು ಕೋಟ್ 100 ಚದರಡಿ ಅಂತ ಹಿಡಿದರೆ ಪ್ರೈಮರ್ 8 ಲೀಟರ್, ಬಣ್ಣ ಎರಡು ಕೋಟಿಗೆ 16 ಲೀಟರ್. ಒಂದು 20 ಲೀಟರ್ ಬಕೆಟ್ ತಂದರೆ ತೇಪೆಗೆ ಸ್ವಲ್ಪ ಉಳಿಯುತ್ತದೆ. ನಮ್ಮಲ್ಲಿ ಇಬ್ಬರು ಆಳಿಗೆ ತೊಳೆದು ಒಣಗಿಸಿ ತುಕ್ಕು ಕೆರೆಯಲು ಎರಡು ದಿನ, ಹಚ್ಚಲು ಮೂರು ದಿನ ಹಿಡಿಯಿತು. ಕೂಲಿಯೇ ಪೇಂಟಿಗಿಂತ ಜಾಸ್ತಿ ಆಗುವಾಗ ಡಬ್ಬದಲ್ಲಿ ಲೀಟರಿಗೆ ಐವತ್ತು ನೂರು ಉಳಿಸಲು ಹೋಗಿ ಎರಡು ವರ್ಷಕ್ಕೆ ಮತ್ತೆ ಅದೇ ಕೂಲಿ ಕೊಡುವುದು ಯಾವ ಲೆಕ್ಕ?

ಬಣ್ಣ ಯಾವುದು ಅಂದರೆ ನಾನು ಹೆಂಚಿನ ಕೆಂಪು ಅನ್ನುತ್ತೇನೆ. ಆ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ, ಮಂಗಳೂರು ಹೆಂಚು ಕೆಂಪಾಗಿರುವುದೂ ಅದರಿಂದಲೇ. ಬಿಸಿಲಿಗೆ ಅದು ಜಗ್ಗುವುದಿಲ್ಲ. ಟೊಮೇಟೊ ಕೆಂಪು, ನಿಂಬೆ ಹಳದಿ ಎಲ್ಲ ಡಬ್ಬದಲ್ಲಿ ಚೆಂದ, ಬಿಸಿಲಿಗೆ ಮೊದಲು ಸೋಲುವುದೂ ಅವೇ.

ನಮ್ಮ ಶೆಡ್ಡಿಗೆ ಕೊನೆಗೆ ಆದದ್ದು ಇಷ್ಟು. ಬಿಳಿ ತಗಡಿನ ಎನಾಮೆಲ್ ಎಲ್ಲ ಕೆರೆದು ತೆಗೆದು ಅಕ್ರಿಲಿಕ್ ಪ್ರೈಮರ್, ಮೇಲೆ ಎರಡು ಕೋಟ್ ಅಕ್ರಿಲಿಕ್. ನೀಲಿ ಶೀಟಿನ ಮೇಲಿದ್ದ ಹಸಿರನ್ನೂ ಸುಲಿದು ತೊಳೆದು, ಪ್ರೈಮರ್ ಇಲ್ಲದೆ ಸೀದಾ ಅದೇ ಅಕ್ರಿಲಿಕ್ ಬಣ್ಣ. ಆಂಗ್ಲು ಬಾಗಿಲಿಗೆ ರೆಡ್ ಆಕ್ಸೈಡ್, ಎನಾಮೆಲ್. ಕಂಬದ ಬುಡಕ್ಕೆ ಎಪಾಕ್ಸಿ. ಐದು ಮಳೆಗಾಲ ಕಳೆದಿದೆ, ಟೇಪ್ ಅಂಟಿಸಿ ಎಳೆದರೆ ಬರೀ ಟೇಪ್ ಬರುತ್ತದೆ. ಯಾವ ಶೀಟಿಗೆ ಏನು ಹಚ್ಚಿದ್ದು, ಯಾವ ತಿಂಗಳು, ಬಣ್ಣದ ಶೇಡ್ ನಂಬರ್ ಏನು ಅಂತ ಬಾಗಿಲ ಒಳಮೈ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ನೀವೂ ಬರೆದಿಡಿ, ಮುಂದಿನ ಸಲ ಹಳೇ ಬಣ್ಣ ಎಣ್ಣೆಯದಾ ನೀರಿನದಾ ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ನನ್ನ ಬರಹದ ಕೆಳಗೆ ಮಗಳು ಉಳಿದ ಹೆಂಚು ಬಣ್ಣದಲ್ಲಿ ಒಂದು ಬೆಕ್ಕು ಬರೆದಿದ್ದಾಳೆ. ಎನಾಮೆಲ್ ಮೇಲೆ ಅಕ್ರಿಲಿಕ್, ಉಜ್ಜದೇ ಬರೆದದ್ದು. ಅದರ ಒಂದು ಕಿವಿ ಈಗಾಗಲೇ ಉದುರಿದೆ.